ಮುಖ ಪರಿಚಯದಿಂದ ಲೆಕ್ಕದ ಪುಸ್ತಕಕ್ಕೆ: ಮುಸ್ಲಿಂ ಸಣ್ಣ ಉದ್ಯಮಿಗಳು ಮತ್ತು ಮಾರ್ಗದರ್ಶನದ ಪರಂಪರೆ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಮುಸ್ಲಿಂ ಸಣ್ಣ ಉದ್ಯಮಿಗಳ ಆರ್ಥಿಕ ಪ್ರಗತಿ, ಅದರಲ್ಲೂ ಆ ಪ್ರಗತಿಯಲ್ಲಿ ಹಿರಿಯರ ಮಾರ್ಗದರ್ಶನಕ್ಕಿರುವ ಪಾತ್ರ. ಮುಂಬಯಿಯ ಘಾಟ್ಕೋಪರಿನ ಈ ಕನ್ನಡ ವೇದಿಕೆಯಲ್ಲಿ ಈ ವಿಷಯ ಏಕೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಎರಡು ಉತ್ತರಗಳಿವೆ. ಮೊದಲನೆಯದು, ಇವರು ನಮ್ಮ ನೆರೆಯವರು. 2014ರ ಜೂನ್ 8ರಂದು ಆರಂಭವಾದ ಮೆಟ್ರೋವನ್ನು ಘಾಟ್ಕೋಪರಿನಲ್ಲಿ ಹತ್ತಿದರೆ ಜಾಗೃತಿ ನಗರ, ಅಸಲ್ಫಾ, ಆಮೇಲೆ ಸಾಕಿನಾಕಾ. ಗುಡ್ಡದ ಮೇಲೆ ಒತ್ತಾಗಿ ಕಟ್ಟಿಕೊಂಡ ಮನೆಗಳು, ಕೆಳಗೆ ಖೈರಾನಿ ರೋಡಿನ ಆಚೀಚೆ ಸಾಲುಸಾಲು ಗಾಳಾಗಳು, ಅಂದರೆ ಸಣ್ಣ ಕಾರ್ಖಾನೆಗಳ ಮಳಿಗೆಗಳು. ಅಲ್ಲಿ ಹೊಲಿಗೆ ನಡೆಯುತ್ತದೆ, ಜರಿ ಕೆಲಸ ನಡೆಯುತ್ತದೆ, ಬ್ಯಾಗು ತಯಾರಾಗುತ್ತದೆ, ಕಬ್ಬಿಣ ಬಗ್ಗುತ್ತದೆ, ಪಾವ್ ಬೇಯುತ್ತದೆ. ಈ ಗಾಳಾಗಳ ಯಜಮಾನರಲ್ಲಿಯೂ ಕಾರಿಗರರಲ್ಲಿಯೂ ಮುಸ್ಲಿಮರು ಬಹಳ ಮಂದಿ. ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರಿದ್ದಾರೆ, ಕೊಂಕಣದವರಿದ್ದಾರೆ, ನಮ್ಮ ಕರಾವಳಿಯಿಂದ ಬಂದ ಬ್ಯಾರಿಗಳೂ ನವಾಯತರೂ ಈ ಮಹಾನಗರದ ವ್ಯಾಪಾರದಲ್ಲಿದ್ದಾರೆ. 2011ರ ಜನಗಣತಿಯ ಪ್ರಕಾರ ಮುಂಬಯಿಯಲ್ಲಿ ಐವರಲ್ಲಿ ಒಬ್ಬರು ಮುಸ್ಲಿಮರು. ಇಷ್ಟು ದೊಡ್ಡ ಭಾಗದ ದುಡಿಮೆಗೆ ದಾರಿ ಸಿಗದಿದ್ದರೆ ನಗರದ ಏಳಿಗೆ ಎಂಬ ಮಾತೇ ಅರ್ಧವಾಗುತ್ತದೆ.

ಎರಡನೆಯ ಉತ್ತರ ನಮ್ಮ ಅನುಭವಕ್ಕೆ ಸೇರಿದ್ದು. ಬರಿಗೈಯಲ್ಲಿ ಮುಂಬಯಿಗೆ ಬಂದವನು ಹೇಗೆ ಯಜಮಾನನಾಗುತ್ತಾನೆ ಎಂಬ ವಿದ್ಯೆ ಈ ನಗರದ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಹೋಟೆಲಿನಲ್ಲಿ ಕಪ್ಪುಬಸಿ ತೊಳೆದ ಹುಡುಗ ರಾತ್ರಿಶಾಲೆಗೆ ಹೋಗಿ ಓದಿದ, ಮೇಜು ಒರೆಸಿದ, ಗಲ್ಲಾದಲ್ಲಿ ಕುಳಿತ, ಕೊನೆಗೆ ಸ್ವಂತ ಹೋಟೆಲು ತೆರೆದ. ಅಂಥವರಿಗಾಗಿ ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ಉಚಿತ ರಾತ್ರಿಶಾಲೆ ತೆರೆದಿತ್ತು. ಆ ಹುಡುಗನಿಗೆ ಕೆಲಸ ಕೊಟ್ಟವರು, ಶಾಲೆಗೆ ಕಳಿಸಿದವರು, ಮೊದಲ ಸಾಲಕ್ಕೆ ಜಾಮೀನು ನಿಂತವರು ಎಲ್ಲರೂ ಇದ್ದರು. ಆ ವಿದ್ಯೆಯನ್ನು ನೆರೆಯವರೊಂದಿಗೆ ಹಂಚಿಕೊಳ್ಳುವ ಹೊತ್ತು ಬಂದಿದೆ ಎಂಬುದು ನನ್ನ ನಂಬಿಕೆ.

ನಾನು ಹೇಳಬೇಕಾದ ಮಾತು ಒಂದೇ. ಸಣ್ಣ ವ್ಯಾಪಾರ ಮುಖ ಪರಿಚಯದ ನಂಬಿಕೆಯಿಂದ ಹುಟ್ಟುತ್ತದೆ, ಆದರೆ ಅದು ಬೆಳೆಯುವುದು ದಾಖಲೆಯ ನಂಬಿಕೆಯಿಂದ. ಮೊದಲನೆಯದರಿಂದ ಎರಡನೆಯದಕ್ಕೆ ದಾಟಿಸುವವನೇ ನಿಜವಾದ ಮಾರ್ಗದರ್ಶಕ. ಮುಸ್ಲಿಂ ಸಣ್ಣ ಉದ್ಯಮಿಗಳಲ್ಲಿ ಕಸುಬಿಗೆ ಕೊರತೆಯಿಲ್ಲ, ಶ್ರಮಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಈ ದಾಟಿಸುವ ಕೈಗಳಿಗೆ.

1. ಅಂಕಿ ಅಂಶಗಳು ಏನು ಹೇಳುತ್ತವೆ

2005ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 2006ರ ನವೆಂಬರ್‌ನಲ್ಲಿ ಅದರ ವರದಿ ಬಂತು. ಆ ವರದಿಯ ಉದ್ಯೋಗದ ಅಧ್ಯಾಯದಲ್ಲಿರುವ ಒಂದು ಸಂಗತಿ ನಮ್ಮ ಚರ್ಚೆಗೆ ತಳಹದಿ. ದುಡಿಯುವ ಮುಸ್ಲಿಮರಲ್ಲಿ ಶೇಕಡಾ 61 ಮಂದಿ ಸ್ವಂತ ಉದ್ಯೋಗದಲ್ಲಿದ್ದರು, ಹಿಂದೂಗಳಲ್ಲಿ ಈ ಪ್ರಮಾಣ ಶೇಕಡಾ 55. ನಗರಗಳಲ್ಲಿ ಅಂತರ ಇನ್ನೂ ಹೆಚ್ಚು: ಮುಸ್ಲಿಮರಲ್ಲಿ ಶೇಕಡಾ 57, ಹಿಂದೂಗಳಲ್ಲಿ ಶೇಕಡಾ 43. ಅಂದರೆ ತಿಂಗಳ ಸಂಬಳ, ಭವಿಷ್ಯನಿಧಿ, ರಜೆ ಇವುಗಳ ಆಸರೆಯಿಲ್ಲದೆ ತನ್ನ ಅಂಗಡಿ, ತನ್ನ ಮಗ್ಗ, ತನ್ನ ಕೈಗಾಡಿ ನಂಬಿ ಬದುಕುವವರು ಈ ಸಮುದಾಯದಲ್ಲಿ ಹೆಚ್ಚು. ಮುಸ್ಲಿಂ ಸಮಾಜದ ಆರ್ಥಿಕ ಪ್ರಶ್ನೆಯೆಂದರೆ ಬಹುಮಟ್ಟಿಗೆ ಸಣ್ಣ ಉದ್ಯಮದ ಪ್ರಶ್ನೆಯೇ.

ಇಷ್ಟು ಮಂದಿ ಸ್ವಂತ ದುಡಿಮೆಗಾರರಿದ್ದ ಮೇಲೆ ಬ್ಯಾಂಕಿನ ಸಾಲವೂ ಅದೇ ಪ್ರಮಾಣದಲ್ಲಿ ಹರಿದಿರಬೇಕಿತ್ತು. ಹಾಗಾಗಲಿಲ್ಲ. ಆದ್ಯತಾ ವಲಯದ ಸಾಲ ಖಾತೆಗಳಲ್ಲಿ ಮುಸ್ಲಿಮರ ಪಾಲು ಶೇಕಡಾ 12.2 ಇದ್ದರೂ ಸಾಲದ ಮೊತ್ತದಲ್ಲಿ ಅವರ ಪಾಲು ಕೇವಲ ಶೇಕಡಾ 4.6 ಎಂದು ಅದೇ ವರದಿ ದಾಖಲಿಸಿತು. ಖಾತೆ ತೆರೆಯಿತು, ಹಣ ಮಾತ್ರ ಬರಲಿಲ್ಲ. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಬಡಾವಣೆಗಳನ್ನೇ ಸಾಲಕ್ಕೆ ಯೋಗ್ಯವಲ್ಲದ ಪ್ರದೇಶವೆಂದು ಗುರುತಿಸಿಕೊಂಡಿದ್ದನ್ನೂ ಸಮಿತಿ ಎತ್ತಿ ತೋರಿಸಿತು. ವಿಳಾಸ ನೋಡಿಯೇ ಅರ್ಜಿ ಪಕ್ಕಕ್ಕೆ ಹೋಗುವುದಾದರೆ ಅರ್ಜಿದಾರನ ಗುಣ, ಕಸುಬು, ಪ್ರಾಮಾಣಿಕತೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಇದು ಅನ್ಯಾಯ. ಇದನ್ನು ಅನ್ಯಾಯವೆಂದೇ ಕರೆಯಬೇಕು.

ಮುಂಬಯಿಯಲ್ಲಿ ಈ ಅನ್ಯಾಯಕ್ಕೆ ಇನ್ನೊಂದು ಪದರವಿದೆ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ಸುಮಾರು 900 ಜನ ಸತ್ತರೆಂದು ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ ದಾಖಲಿಸಿದೆ. ಸತ್ತವರ ಲೆಕ್ಕದ ಜೊತೆಗೆ ಸುಟ್ಟುಹೋದ ಅಂಗಡಿ, ಬೇಕರಿ, ಮರದ ಡಿಪೋಗಳ ಲೆಕ್ಕವೂ ಉಂಟು. ಎರಡು ತಲೆಮಾರು ಕೂಡಿಟ್ಟ ಬಂಡವಾಳ ಒಂದೆರಡು ದಿನಗಳಲ್ಲಿ ಬೂದಿಯಾಯಿತು. ಬಹಳಷ್ಟು ಕುಟುಂಬಗಳು ಮುಂಬ್ರಾ, ಮೀರಾ ರೋಡ್, ಗೋವಂಡಿಗಳ ಕಡೆಗೆ ಸರಿದವು. ವ್ಯಾಪಾರಿ ಜಾಗ ಬಿಟ್ಟಾಗ ಅವನ ಗಿರಾಕಿ, ಅವನಿಗೆ ಉಧಾರಿ ಕೊಡುತ್ತಿದ್ದ ಸಗಟು ವ್ಯಾಪಾರಿ, ಅವನ ಪರವಾಗಿ ಒಂದು ಮಾತು ಹೇಳುತ್ತಿದ್ದ ಪಕ್ಕದಂಗಡಿಯ ಗುಜರಾತಿ ಶೇಠ್ ಎಲ್ಲರೂ ಹಿಂದೆ ಉಳಿದರು. ಬೇರೆ ಬೇರೆ ಸಮುದಾಯದವರು ಒಂದೇ ಬೀದಿಯಲ್ಲಿ ವ್ಯಾಪಾರ ಮಾಡುವಾಗ ತಾನಾಗಿಯೇ ಸಿಗುತ್ತಿದ್ದ ಮಾರ್ಗದರ್ಶನ ಹೀಗೆ ಕಡಿದುಹೋಯಿತು.

2. 1906: ಉಡುಪಿ ಮತ್ತು ಮುಂಬಯಿ

ಈಗ ನಮ್ಮ ಕರಾವಳಿಯ ಇತಿಹಾಸಕ್ಕೆ ಬರುತ್ತೇನೆ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ 5,000 ರೂಪಾಯಿ ಬಂಡವಾಳದ ಒಂದು ನಿಧಿ ಆರಂಭವಾಯಿತು. ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಕೂಡಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಊರಿನ ಹಿತಚಿಂತಕರನ್ನು ಒಟ್ಟುಗೂಡಿಸಿ ಇದನ್ನು ಕಟ್ಟಿದವರು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಕೃಷ್ಣಮಠದ ಊರಿನಲ್ಲಿ ಒಬ್ಬ ಮುಸ್ಲಿಂ ಗಣ್ಯರು ಬ್ಯಾಂಕು ಕಟ್ಟಿದರು, ಊರು ಅದನ್ನು ತನ್ನದೆಂದು ನಂಬಿ ಹಣ ಇಟ್ಟಿತು.

ಆ ಸಂಸ್ಥೆ ಹೊರಡಿಸಿದ ಮೊದಲ ಮನವಿಯ ಸಾರವನ್ನು ನೆನಪಿಸಿಕೊಳ್ಳಬೇಕು. ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸುವುದರ ಜೊತೆಗೆ ಪರಸ್ಪರ ಸಹಕಾರದ ಅಭ್ಯಾಸವನ್ನೂ ಬೆಳೆಸುವುದು ತಮ್ಮ ಉದ್ದೇಶವೆಂದು ಅದು ಸಾರಿತು, ಇದನ್ನು ಸ್ವದೇಶಿ ಕಾರ್ಯವೆಂದೇ ಬಣ್ಣಿಸಿತು. ಬಂಗಾಳದ ವಿಭಜನೆಯ ಬೆನ್ನಲ್ಲೇ ದೇಶವೆಲ್ಲ ಸ್ವದೇಶಿ ಎನ್ನುತ್ತಿದ್ದ ಕಾಲ ಅದು. ಹಾಜಿ ಅಬ್ದುಲ್ಲಾ ಸಾಹೇಬರ ದೊಡ್ಡತನ ಇರುವುದು ಅವರ ದಾನದಲ್ಲಿ ಮಾತ್ರವಲ್ಲ. ದಾನ ಅವರು ಧಾರಾಳವಾಗಿ ಮಾಡಿದರು, ಉಡುಪಿಯ ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆ ಇಂದಿಗೂ ಅವರ ಹೆಸರು ಹೊತ್ತಿದೆ. ಆದರೆ ಕೈ ಚಾಚಿದವನಿಗೆ ಕೊಟ್ಟು ಕಳಿಸುವುದು ಒಂದು, ಅವನ ಹೆಸರಿನಲ್ಲಿ ಖಾತೆ ತೆರೆದು, ಅವನು ಇಟ್ಟದ್ದನ್ನೂ ಪಡೆದದ್ದನ್ನೂ ಬರೆದಿಟ್ಟು, ಅವನನ್ನು ವ್ಯವಹಾರಸ್ಥನನ್ನಾಗಿ ಮಾಡುವುದು ಇನ್ನೊಂದು. ಅವರು ಎರಡನೆಯ ದಾರಿಯನ್ನೂ ಹಿಡಿದರು.

ಆ ನಿಧಿ 1923ರಲ್ಲಿ ಕುಂದಾಪುರದಲ್ಲಿ ಮೊದಲ ಶಾಖೆ ತೆರೆಯಿತು, 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು ಪಡೆಯಿತು, 1980ರಲ್ಲಿ ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಬ್ಯಾಂಕಿನ ಪ್ರಧಾನ ಕಚೇರಿ ಇರುವುದು ನಮ್ಮ ಮುಂಬಯಿಯ ನರೀಮನ್ ಪಾಯಿಂಟಿನಲ್ಲಿ. ಉಡುಪಿಯ ಒಬ್ಬ ಮುಸ್ಲಿಂ ಹಿರಿಯರು ಕೂಡಿಸಿದ ನಂಬಿಕೆ ಹೀಗೆ ನಾವಿರುವ ಊರಿಗೇ ಬಂದು ಸೇರಿದೆ.

ಅದೇ 1906ರ ಡಿಸೆಂಬರ್ 27ರಂದು ಮುಂಬಯಿಯಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ಚಿತ್ರಾಪುರ ಸಾರಸ್ವತ ಸಮಾಜದ ಶ್ರೀಪಾದ ಸುಬ್ರಾವ್ ತಲ್ಮಕಿ ಅವರು ತಾವು ಕಟ್ಟಿದ ಆ ಸಹಕಾರಿ ಸಂಘಕ್ಕೆ ತಮ್ಮ ಹೆಸರಿಡದೆ ತಮ್ಮ ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿಟ್ಟರು. ಶಾಮರಾವ್ ವಿಠಲ ಬ್ಯಾಂಕ್ ಎಂದು ನಾವೆಲ್ಲ ಬಲ್ಲ ಸಂಸ್ಥೆ ಅದು. ಮೊದಲು ಸ್ವಜಾತಿಯ ಬಡವರಿಗಾಗಿ ಹುಟ್ಟಿ, ಕ್ರಮೇಣ ಎಲ್ಲರಿಗೂ ಬಾಗಿಲು ತೆರೆಯಿತು. ಮಂಗಳೂರಿನ ಕ್ಯಾಥೊಲಿಕರು 1916ರಲ್ಲಿ ಆರಂಭಿಸಿದ ಸಾಲ ಸಂಘ ಇಂದಿನ ಮಾಡೆಲ್ ಬ್ಯಾಂಕ್ ಆಯಿತು. ಬಿಲ್ಲವರ ಅಸೋಸಿಯೇಷನ್ 1978ರಲ್ಲಿ ಭಾರತ್ ಬ್ಯಾಂಕ್ ಕಟ್ಟಿತು. ಈ ಎಲ್ಲದರ ಹಿಂದೆ ಇರುವ ಕ್ರಮ ಒಂದೇ ಬಗೆಯದು. ಪರಸ್ಪರ ಬಲ್ಲ ಕೆಲವರು ಸೇರುತ್ತಾರೆ, ಆ ಪರಿಚಯಕ್ಕೆ ಸದಸ್ಯತ್ವದ ಪುಸ್ತಕ, ವಾರ್ಷಿಕ ಸಭೆ, ಲೆಕ್ಕ ಪರಿಶೋಧನೆಗಳ ಕಟ್ಟು ಹಾಕುತ್ತಾರೆ, ಆಮೇಲೆ ಪರಿಚಯವಿಲ್ಲದವರೂ ನಂಬಿ ಬರುವ ಸಂಸ್ಥೆ ಅದಾಗುತ್ತದೆ.

3. ಮುಂಬಯಿಯ ಮುಸ್ಲಿಂ ವರ್ತಕರ ಪರಂಪರೆ

ಮುಂಬಯಿಯ ಮುಸ್ಲಿಮರಿಗೆ ಉದ್ಯಮ ಹೊಸದಲ್ಲ. ಬೊಹರಾ, ಖೋಜಾ, ಮೆಮನ್, ಕೊಂಕಣಿ ಮುಸ್ಲಿಂ ವರ್ತಕರಿಲ್ಲದೆ ಈ ಬಂದರಿನ ಚರಿತ್ರೆ ಬರೆಯಲು ಸಾಧ್ಯವಿಲ್ಲ. ಗಮನಿಸಬೇಕಾದದ್ದು, ಅವರಲ್ಲಿ ದೂರದೃಷ್ಟಿಯುಳ್ಳವರು ಹಣವನ್ನು ವಿದ್ಯೆಗೆ ಮತ್ತು ಕಸುಬಿನ ಶಿಕ್ಷಣಕ್ಕೆ ತಿರುಗಿಸಿದ ಬಗೆ. 1874ರಲ್ಲಿ ಬದ್ರುದ್ದೀನ್ ತಯ್ಯಬ್ಜಿ, ಅವರ ಅಣ್ಣ ಕಮ್ರುದ್ದೀನ್ ತಯ್ಯಬ್ಜಿ, ಹಡಗಿನ ವರ್ತಕ ನಾಖುದಾ ಮುಹಮ್ಮದ್ ಅಲಿ ರೋಗೆ ಮೊದಲಾದವರು ಅಂಜುಮನ್-ಇ-ಇಸ್ಲಾಂ ಸ್ಥಾಪಿಸಿದರು. ಮೆಮನ್ ವರ್ತಕ ಮನೆತನದ ಮುಹಮ್ಮದ್ ಹಾಜಿ ಸಾಬು ಸಿದ್ದೀಕ್ ಅವರ ಹೆಸರಿನ ದತ್ತಿಯಿಂದ 1936ರಲ್ಲಿ ಭಾಯಖಳಾದಲ್ಲಿ ತಾಂತ್ರಿಕ ಸಂಸ್ಥೆ ಬಂತು. ಯಾತ್ರಿಕರಿಗಾಗಿ ಅದೇ ಹೆಸರಿನ ಮುಸಾಫಿರ್‌ಖಾನಾ ಇದ್ದರೆ ದುಡಿಯುವ ಹುಡುಗರಿಗಾಗಿ ಲೇತ್ ಯಂತ್ರ, ವಿದ್ಯುತ್ ಕೆಲಸ ಕಲಿಸುವ ಶಾಲೆಯೂ ಇತ್ತು. ಧರ್ಮಕಾರ್ಯವೆಂದರೆ ಕೈಗೆ ಕಸುಬು ಕೊಡುವುದೂ ಹೌದು ಎಂದು ಅರಿತ ಹಿರಿಯರು ಅವರು.

ನಮ್ಮ ಪಕ್ಕದ ವಿಕ್ರೋಲಿಯಲ್ಲಿ ಎಲ್.ಬಿ.ಎಸ್. ಮಾರ್ಗದ ಮೇಲೆ ಸಿಪ್ಲಾ ಕಂಪನಿಯ ಆವರಣವನ್ನು ನೀವು ನೋಡಿದ್ದೀರಿ. ಬರ್ಲಿನ್ನಿನಲ್ಲಿ ರಸಾಯನಶಾಸ್ತ್ರ ಕಲಿತು ಬಂದ ಖ್ವಾಜಾ ಅಬ್ದುಲ್ ಹಮೀದ್ ಅವರು 1935ರಲ್ಲಿ ಆ ಕಂಪನಿಯನ್ನು ಮುಂಬಯಿಯಲ್ಲಿ ಸ್ಥಾಪಿಸಿದರು. 1939ರಲ್ಲಿ ಗಾಂಧೀಜಿ ಅದರ ಕಾರ್ಖಾನೆಗೆ ಭೇಟಿ ಕೊಟ್ಟರು. 2001ರಲ್ಲಿ ಹಮೀದರ ಮಗ ಯೂಸುಫ್ ಹಮೀದ್ ಏಡ್ಸ್ ರೋಗದ ಔಷಧಗಳನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡುವುದಾಗಿ ಪ್ರಕಟಿಸಿದಾಗ ಆಫ್ರಿಕದ ಲಕ್ಷಾಂತರ ಜನರಿಗೆ ಬದುಕಿನ ಬಾಗಿಲು ತೆರೆಯಿತು. 1945ರಲ್ಲಿ ಜಳಗಾಂವ್ ಜಿಲ್ಲೆಯ ಅಮಳನೇರಿನಲ್ಲಿ ಮುಹಮ್ಮದ್ ಹಾಶಮ್ ಪ್ರೇಮ್‌ಜಿ ಆರಂಭಿಸಿದ ವನಸ್ಪತಿ ಕಾರ್ಖಾನೆ ಇಂದು ಬೆಂಗಳೂರಿನ ವಿಪ್ರೊ. ಇವು ಹೆಮ್ಮೆಯ ಹೆಸರುಗಳು. ಆದರೆ ಸಾಕಿನಾಕಾದ ಗಾಳಾದ ಹುಡುಗನಿಗೆ ಹಮೀದರ ಡಾಕ್ಟರೇಟ್ ಇಲ್ಲ, ಪ್ರೇಮ್‌ಜಿಯವರ ಮನೆತನವಿಲ್ಲ. ಅವನಿಗೆ ಬೇಕಾದದ್ದು ಅವನ ಅಳತೆಯ ಮಾದರಿ.

ಅಂಥ ಮಾದರಿ ನಮ್ಮ ಕರಾವಳಿಯಲ್ಲಿದೆ. ಭಟ್ಕಳದ ನವಾಯತರು ದೂರದ ಊರುಗಳಿಗೆ ವ್ಯಾಪಾರಕ್ಕೆ ಹೋದಲ್ಲೆಲ್ಲ ಜಮಾತು ಕಟ್ಟಿಕೊಂಡರು. ಮುಂಬಯಿ, ಚೆನ್ನೈ, ಕೋಝಿಕ್ಕೋಡ್, ಕೊಲ್ಲಿ ನಾಡುಗಳ ಜಮಾತುಗಳು ಹೊಸದಾಗಿ ಬಂದ ಹುಡುಗನಿಗೆ ಮಲಗಲು ಜಾಗ, ಕಲಿಯಲು ಅಂಗಡಿ, ಕೇಳಲು ಒಬ್ಬ ಹಿರಿಯ ಇರುವಂತೆ ನೋಡಿಕೊಂಡವು. 1919ರಲ್ಲಿ ಹುಟ್ಟಿದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಭಟ್ಕಳದಲ್ಲಿ ಶಾಲೆ ಕಾಲೇಜುಗಳನ್ನು ನಡೆಸುತ್ತ ಬಂದಿದೆ. ದಕ್ಷಿಣ ಕನ್ನಡದ ಬ್ಯಾರಿಗಳು ಮೀನು, ಅಡಕೆ, ಮರ, ಬೀಡಿ ವ್ಯಾಪಾರದಿಂದ ಮೇಲೆದ್ದು 1970ರ ದಶಕದ ತೈಲ ಬೆಲೆಯ ಏರಿಕೆಯ ನಂತರ ಮುಂಬಯಿಯ ಮೂಲಕವೇ ಕೊಲ್ಲಿಗೆ ಹೋದರು. ಅಲ್ಲಿ ಗಳಿಸಿದ್ದನ್ನು ಒಂದು ಪೀಳಿಗೆಯೊಳಗೆ ಶಿಕ್ಷಣಕ್ಕೂ ಆಸ್ಪತ್ರೆಗಳಿಗೂ ತಿರುಗಿಸಿದರು. ದೇರಳಕಟ್ಟೆಯ ಯೆನೆಪೋಯ ಸಂಸ್ಥೆ 1992ರಲ್ಲಿ ದಂತವೈದ್ಯ ಕಾಲೇಜಿನಿಂದ ಆರಂಭಿಸಿ 2008ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಪಡೆದದ್ದು ಈ ಮಾತಿಗೆ ಸಾಕ್ಷಿ.

ಮಾರ್ಗದರ್ಶನದ ಬಗ್ಗೆ ಮುಂಬಯಿಯಲ್ಲಿ ಕಲಿಯಬಹುದಾದ ಅತ್ಯುತ್ತಮ ಪಾಠ ಮಾತ್ರ ಹಪ್ಪಳದ ಕಥೆಯಲ್ಲಿದೆ. 1959ರ ಮಾರ್ಚ್ 15ರಂದು ಗಿರಗಾಂವಿನ ಒಂದು ಚಾಳಿನ ಮಾಳಿಗೆಯ ಮೇಲೆ ಏಳು ಜನ ಗುಜರಾತಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಿದರು. ಲಿಜ್ಜತ್ ಹುಟ್ಟಿದ್ದು ಹಾಗೆ. ಸಾಲ ಕೊಟ್ಟ ಛಗನ್‌ಲಾಲ್ ಕರಮ್‌ಸಿ ಪಾರೇಖ್ ಎಂಬ ಹಿರಿಯರು ಹಣದೊಂದಿಗೆ ಎರಡು ನಿಯಮಗಳನ್ನೂ ಕೊಟ್ಟರು: ಗುಣಮಟ್ಟದಲ್ಲಿ ರಾಜಿ ಬೇಡ, ಲೆಕ್ಕ ಸರಿಯಾಗಿ ಇಡಿ. ಇದನ್ನು ದಾನಧರ್ಮದ ಕೆಲಸವೆಂದುಕೊಳ್ಳದೆ ವ್ಯಾಪಾರವೆಂದೇ ನಡೆಸಿ ಎಂದು ಅವರು ಒತ್ತಿ ಹೇಳಿದರು. 80 ರೂಪಾಯಿ ಬೇಗ ಖರ್ಚಾಗಿರಬೇಕು, ಆ ಎರಡು ನಿಯಮಗಳು ಮಾತ್ರ ಸಾವಿರಾರು ಹೆಂಗಸರ ಮನೆಗಳಿಗೆ ತಲಪಿದವು.

4. ನಂಬಿಕೆ ಮುರಿದಾಗ

ಮುಖ ಪರಿಚಯದ ನಂಬಿಕೆ ಎಷ್ಟು ಬೆಲೆಬಾಳುವುದೋ ಅಷ್ಟೇ ಅಪಾಯಕ್ಕೂ ಒಡ್ಡಿಕೊಂಡದ್ದು. 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಐಎಂಎ ಎಂಬ ಹೂಡಿಕೆ ಸಂಸ್ಥೆ ಕುಸಿದಾಗ ಏನಾಯಿತೆಂದು ಕನ್ನಡ ಪತ್ರಿಕೆಗಳ ಓದುಗರಿಗೆ ಗೊತ್ತು. ಬಡ್ಡಿಯ ಸೋಂಕಿಲ್ಲದ ಲಾಭವೆಂಬ ಮಾತಿಗೆ ಮನಸೋತು ಸಾವಿರಾರು ಮಧ್ಯಮ ಮತ್ತು ಬಡ ಮುಸ್ಲಿಂ ಕುಟುಂಬಗಳು ಮಗಳ ಮದುವೆಯ ಹಣ, ನಿವೃತ್ತಿಯ ಹಣ, ಒಡವೆ ಅಡವಿಟ್ಟು ತಂದ ಹಣವನ್ನು ಹಾಕಿದ್ದವು. ತಿಂಗಳು ತಿಂಗಳು ಲಾಭ ಬರುತ್ತಿರುವಾಗ ಯಾವ ವ್ಯಾಪಾರದಿಂದ ಈ ಲಾಭ ಬರುತ್ತಿದೆ ಎಂದು ಕೇಳುವ ಅಭ್ಯಾಸ ಯಾರೂ ಕಲಿಸಿರಲಿಲ್ಲ. ನಮ್ಮವರು ಎಂಬ ಒಂದೇ ಭರವಸೆಯ ಮೇಲೆ ಹಣ ಹಾಕಿದವರಿಗೆ ದೊಡ್ಡ ಪೆಟ್ಟು ಬಿತ್ತು.

ಇದರಿಂದ ನಂಬಿಕೆಯನ್ನೇ ಬಿಟ್ಟುಬಿಡಬೇಕು ಎಂಬ ತೀರ್ಮಾನಕ್ಕೆ ಬರಬಾರದು. ಧರ್ಮದ ಆಜ್ಞೆಯನ್ನು ಪಾಲಿಸಿ ಬಡ್ಡಿಯಿಂದ ದೂರವಿರಬೇಕೆಂಬ ಶ್ರದ್ಧಾವಂತರ ಮನಸ್ಸನ್ನು ನಾನು ಗೌರವಿಸುತ್ತೇನೆ. ಬೊಹರಾ ಸಮಾಜದಲ್ಲಿ ಕರ್ಜೆ ಹಸನಾ ಎಂಬ ಬಡ್ಡಿರಹಿತ ಸಾಲದ ನಿಧಿಗಳು ಶಿಸ್ತಿನಿಂದ ನಡೆಯುತ್ತಿವೆ. ಬಡ್ಡಿರಹಿತ ಬ್ಯಾಂಕಿಂಗಿಗೂ ಅವಕಾಶವಿರಲಿ ಎಂದು 2008ರಲ್ಲಿ ರಘುರಾಮ್ ರಾಜನ್ ಸಮಿತಿ ಸಲಹೆ ಕೊಟ್ಟಿತ್ತು, 2017ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರಸ್ತಾಪವನ್ನು ಮುಂದುವರಿಸದಿರಲು ನಿರ್ಧರಿಸಿತು. ಹಾಗಾಗಿ ಇಂಥ ಶ್ರದ್ಧಾವಂತ ವ್ಯಾಪಾರಿಯ ಮುಂದಿನ ದಾರಿ ಕಿರಿದಾಗಿದೆ ಎಂಬುದು ನಿಜ. ಆದರೆ ಆ ಕಿರಿದಾದ ದಾರಿಯಲ್ಲೂ ಲೆಕ್ಕ ಬೇಕು. ಕುರ್‌ಆನಿನ ಎರಡನೆಯ ಅಧ್ಯಾಯದ 282ನೆಯ ವಚನ ಆ ಗ್ರಂಥದಲ್ಲೇ ಅತ್ಯಂತ ದೀರ್ಘವಾದ ವಚನ. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು: ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬಾರದು, ನ್ಯಾಯವಾಗಿ ಬರೆಯುವವನಿರಬೇಕು, ಸಾಕ್ಷಿಗಳಿರಬೇಕು. ಪ್ರವಾದಿ ಮುಹಮ್ಮದರು ಸ್ವತಃ ವ್ಯಾಪಾರ ಬಲ್ಲವರು, ಮಕ್ಕಾದ ವರ್ತಕಿ ಖದೀಜಾ ಅವರ ಸರಕನ್ನು ಹೊತ್ತು ದೂರದೇಶಕ್ಕೆ ಹೋಗಿ ಪ್ರಾಮಾಣಿಕತೆಯಿಂದ ಲೆಕ್ಕ ಒಪ್ಪಿಸಿದವರು. ಲೆಕ್ಕದ ಪುಸ್ತಕ ಪರಕೀಯವೆಂದು ಯಾವ ಮುಸ್ಲಿಂ ಯುವಕನೂ ಭಾವಿಸಬೇಕಾಗಿಲ್ಲ, ಅದು ಅವನ ಧರ್ಮದ ಒಡಲಿನಲ್ಲೇ ಇದೆ.

5. ಮಾರ್ಗದರ್ಶಕ ಮಾಡಬೇಕಾದ ಕೆಲಸ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಅಸಲ್ಫಾದ ಒಬ್ಬ ಯುವಕ ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡು ಸ್ಕೂಲ್ ಬ್ಯಾಗು ಹೊಲಿಯುತ್ತಾನೆ. ಉಸ್ತಾದನ ಕೈಕೆಳಗೆ ಕೆಲಸ ಚೆನ್ನಾಗಿ ಕಲಿತಿದ್ದಾನೆ. ದೊಡ್ಡ ಆರ್ಡರ್ ಬಂದಾಗ ಬಟ್ಟೆಗೆ, ಜಿಪ್ಪಿಗೆ, ಮಜೂರಿಗೆ ಒಂದು ಲಕ್ಷ ರೂಪಾಯಿ ಬೇಕು. ಬ್ಯಾಂಕಿಗೆ ತೋರಿಸಲು ಕಾಗದವಿಲ್ಲ, ತಿಂಗಳಿಗೆ ನೂರಕ್ಕೆ ಮೂರರಂತೆ ಖಾಸಗಿ ಸಾಲ ತರುತ್ತಾನೆ. ಮಾಲು ಪಡೆದ ವ್ಯಾಪಾರಿ ಮೂರು ತಿಂಗಳ ನಂತರ ಹಣ ಕೊಡುತ್ತಾನೆ. ಆರ್ಡರಿನ ಲಾಭ 15,000 ರೂಪಾಯಿ ಎಂದುಕೊಂಡರೆ ಬಡ್ಡಿಗೆ 9,000 ಹೋಯಿತು. ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಬ್ಯಾಂಕಿನಿಂದ ಸಿಕ್ಕಿದ್ದರೆ ಬಡ್ಡಿ 3,000 ಆಗುತ್ತಿತ್ತು. ಬಡ್ಡಿಯಲ್ಲಿ ಉಳಿಯುತ್ತಿದ್ದ 6,000 ರೂಪಾಯಿಯಲ್ಲಿ ಐದನೆಯ ಯಂತ್ರದ ಮೊದಲ ಕಂತು ಕಟ್ಟಬಹುದಿತ್ತು. ಪ್ರತಿ ಆರ್ಡರೂ ಹೀಗೆಯೇ ಹೋದರೆ ಅವನು ಹತ್ತು ವರ್ಷ ದುಡಿದರೂ ನಾಲ್ಕು ಯಂತ್ರಗಳಲ್ಲೇ ನಿಲ್ಲುತ್ತಾನೆ.

ಕಾನೂನು ಇವನ ಪರವಾಗಿಯೇ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಸಣ್ಣ ತಯಾರಕನಿಂದ ಮಾಲು ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ತಡಮಾಡಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿಯನ್ನು ಚಕ್ರಬಡ್ಡಿಯ ಲೆಕ್ಕದಲ್ಲಿ ಸೇರಿಸಬೇಕು. ಆದಾಯ ತೆರಿಗೆ ಕಾನೂನಿಗೂ 2023ರಲ್ಲಿ ಒಂದು ತಿದ್ದುಪಡಿಯಾಗಿ, ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಹಣ ಪಾವತಿಸುವವರೆಗೆ ಖರ್ಚೆಂದು ತೋರಿಸುವಂತಿಲ್ಲ. ಆದರೆ ಈ ರಕ್ಷಣೆ ಸಿಗಬೇಕಾದರೆ ಯುವಕ ಉದ್ಯಮ್ ನೋಂದಣಿ ಮಾಡಿಸಿರಬೇಕು, ಬಿಲ್ ಕೊಟ್ಟಿರಬೇಕು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಆ ನೋಂದಣಿಗೆ ಹಣ ಬೇಡ. ಮುಂಬಯಿಯಲ್ಲಿ ನಾವೆಲ್ಲ ಗುಮಾಸ್ತಾ ಎಂದು ಕರೆಯುವ ಅಂಗಡಿ ಪರವಾನಗಿಯ ವಿಷಯದಲ್ಲೂ ಕೆಲವೇ ಕೆಲಸಗಾರರಿರುವವರು ಕೇವಲ ಮಾಹಿತಿ ಸಲ್ಲಿಸಿದರೆ ಸಾಕು ಎಂದು 2017ರ ಮಹಾರಾಷ್ಟ್ರ ಕಾಯ್ದೆ ಹೇಳುತ್ತದೆ. 2015ರ ಏಪ್ರಿಲ್ 8ರಂದು ಆರಂಭವಾದ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದ ಸಾಲವಿದೆ, ಅದರ ಮಿತಿ 2024ರ ಅಕ್ಟೋಬರ್‌ವರೆಗೆ 10 ಲಕ್ಷ ರೂಪಾಯಿ ಇತ್ತು. ಅಲ್ಪಸಂಖ್ಯಾತರಿಗಾಗಿ 1994ರಲ್ಲಿ ರಾಷ್ಟ್ರೀಯ ನಿಗಮ ಸ್ಥಾಪನೆಯಾಗಿದೆ, ಮಹಾರಾಷ್ಟ್ರದಲ್ಲಿ ಮೌಲಾನಾ ಆಜಾದ್ ಹೆಸರಿನ ನಿಗಮವಿದೆ. ಯೋಜನೆಗಳು ಇವೆ, ಫಲಾನುಭವಿಯೂ ಇದ್ದಾನೆ. ನಡುವಿನ ಹೊಳೆಗೆ ಸಂಕ ಹಾಕುವವರು ಬೇಕಾಗಿದ್ದಾರೆ.

ಆ ಕೆಲಸ ಮಾಡುವ ಹಿರಿಯರು ವಾರಕ್ಕೊಮ್ಮೆ ಯುವಕನ ಪಕ್ಕದಲ್ಲಿ ಕುಳಿತು ಆ ವಾರದ ಖರೀದಿ, ಮಾರಾಟ, ಬಾಕಿ ಬರೆಸಬೇಕು. ಮನೆಯ ಖರ್ಚನ್ನೂ ಗಾಳಾದ ಖರ್ಚನ್ನೂ ಬೇರೆ ಮಾಡಿಸಬೇಕು. ಬಂದ ಹಣ ಬ್ಯಾಂಕ್ ಖಾತೆಯ ಮೂಲಕ ಹೋಗುವಂತೆ ನೋಡಿಕೊಳ್ಳಬೇಕು, ಏಕೆಂದರೆ ಒಂದು ವರ್ಷದ ಅಂಥ ದಾಖಲೆಯೇ ಮುಂದೆ ಅವನ ಸಾಲಕ್ಕೆ ದೊಡ್ಡ ಜಾಮೀನು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಿರಿಯರು ಮಣಿಪಾಲ ಉಡುಪಿಯ ಸೀಮೆಯಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲಿ ಪಡೆದು ಬರೆದುಕೊಂಡದ್ದು ಇದೇ ವಿವೇಕದಿಂದ. ದಿನನಿತ್ಯ ಉಳಿಸುವವನ ಹೆಸರು ಪುಸ್ತಕದಲ್ಲಿದ್ದರೆ ಅವನು ಯಾರ ಮಗ ಎಂದು ಕೇಳಬೇಕಾಗುವುದಿಲ್ಲ.

ಮಾರ್ಗದರ್ಶಕನಿಗೆ ಇನ್ನೊಂದು ಹೊಣೆಯಿದೆ. ಯುವಕನನ್ನು ಅವನ ಮೊಹಲ್ಲಾದ ಆಚೆಗಿನ ಗಿರಾಕಿಗೆ ಪರಿಚಯಿಸುವುದು. ಸ್ವಂತ ಸಮುದಾಯದೊಳಗಿನ ವ್ಯಾಪಾರ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಘಾಟ್ಕೋಪರಿನ ಗುಜರಾತಿ ಸಗಟು ವ್ಯಾಪಾರಿ, ಕನ್ನಡಿಗ ಹೋಟೆಲ್ ಮಾಲಕ, ಮರಾಠಿ ಶಾಲೆಯ ಆಡಳಿತ ಮಂಡಳಿ ಇವರ ಬಾಗಿಲು ತಟ್ಟಲು ಜೊತೆಗೆ ಬರುವ ಒಬ್ಬರು ಬೇಕು. ಆ ಒಬ್ಬರು ಅನ್ಯ ಸಮುದಾಯದವರಾಗಿದ್ದರೆ ಇನ್ನೂ ಒಳ್ಳೆಯದು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ನಿಜ. ನಮ್ಮ ಗುಡ್ಡದ ಮನೆಗಳಲ್ಲಿ ಜರಿ ಪೋಣಿಸುವ, ಇಮಿಟೇಶನ್ ಒಡವೆ ಜೋಡಿಸುವ ಮುಸ್ಲಿಂ ಹೆಂಗಸರು ಡಜನ್ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ಮಾಲು ತರುವವನೇ ದರ ಹೇಳುತ್ತಾನೆ. ಅವರು ಗುಂಪುಗೂಡಿ ಸ್ವಂತ ಹೆಸರಿನಲ್ಲಿ ಬಿಲ್ ಮಾಡುವ ದಿನ ಬಂದರೆ ಕೂಲಿಯವಳು ಉದ್ಯಮಿಯಾಗುತ್ತಾಳೆ. ಗಿರಗಾಂವಿನ ಏಳು ಹೆಂಗಸರು ಅದನ್ನು ಸಾಧಿಸಿ ತೋರಿಸಿದ್ದಾರೆ.

6. ಘಾಟ್ಕೋಪರಿನ ಕನ್ನಡಿಗರಲ್ಲಿ ಒಂದು ವಿನಂತಿ

ಉಪನ್ಯಾಸ ಮುಗಿಸುವ ಮೊದಲು ನಾಲ್ಕು ಸಲಹೆಗಳನ್ನು ನಿಮ್ಮ ಮುಂದಿಡುತ್ತೇನೆ. ಈ ಉಪನಗರದಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಾದ ಕನ್ನಡಿಗರು ಬಹಳ ಮಂದಿ ಇದ್ದೀರಿ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳಲ್ಲಿ ಇಡೀ ಆಯುಷ್ಯ ದುಡಿದವರು. ಯಾವ ಅರ್ಜಿ ಏಕೆ ತಿರಸ್ಕೃತವಾಗುತ್ತದೆ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಿಂಗಳಿಗೆ ಎರಡು ಭಾನುವಾರ ನಮ್ಮ ಸಂಘಗಳ ಸಭಾಗೃಹದಲ್ಲಿ ಸಣ್ಣ ಉದ್ಯಮಿಗಳಿಗಾಗಿ ಉಚಿತ ಸಲಹಾ ಕೂಟ ನಡೆಸಿ. ಬರುವವರ ಜಾತಿ, ಧರ್ಮ, ಭಾಷೆ ಕೇಳದಿರಿ, ಅವರ ಲೆಕ್ಕದ ಪುಸ್ತಕ ಮಾತ್ರ ಕೇಳಿ.

ಎರಡನೆಯದಾಗಿ, ನಮ್ಮ ಚಾರ್ಟರ್ಡ್ ಅಕೌಂಟೆಂಟ್ ಯುವಕ ಯುವತಿಯರು ಪ್ರತಿಯೊಬ್ಬರೂ ವರ್ಷಕ್ಕೆ ಒಂದು ಗಾಳಾದ ಲೆಕ್ಕವನ್ನು ಶುಲ್ಕವಿಲ್ಲದೆ ನೋಡಿಕೊಡಲಿ. ಮೂರನೆಯದಾಗಿ, ಬ್ಯಾರಿ ಮತ್ತು ನವಾಯತ ಹಿರಿಯ ವರ್ತಕರು ಈ ಕೂಟದಲ್ಲಿ ನಮ್ಮೊಂದಿಗೆ ಕುಳಿತುಕೊಳ್ಳಬೇಕು. ಮಸೀದಿಯ ಜಮಾತಿನ ಮಾತು ಯುವಕನಿಗೆ ತಟ್ಟುವಷ್ಟು ಹೊರಗಿನವರ ಮಾತು ತಟ್ಟುವುದಿಲ್ಲ, ಬ್ಯಾಂಕಿನ ಭಾಷೆ ನಿವೃತ್ತ ಮ್ಯಾನೇಜರಿಗೆ ಗೊತ್ತಿರುವಷ್ಟು ಜಮಾತಿಗೆ ಗೊತ್ತಿರುವುದಿಲ್ಲ. ಇಬ್ಬರೂ ಒಟ್ಟಿಗೆ ಕುಳಿತರೆ ಆ ಯುವಕನಿಗೆ ಎರಡೂ ಬಲ ಸಿಗುತ್ತದೆ. ನಾಲ್ಕನೆಯದಾಗಿ, ನಮ್ಮ ಕನ್ನಡಿಗರ ಸಹಕಾರಿ ಬ್ಯಾಂಕುಗಳು ಅಸಲ್ಫಾ, ಸಾಕಿನಾಕಾಗಳ ಸಣ್ಣ ಕಾರ್ಖಾನೆಗಳಿಗೆ ಎಷ್ಟು ಸಾಲ ಕೊಟ್ಟಿವೆ ಎಂಬುದನ್ನು ಷೇರುದಾರರಾದ ನೀವು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಬೇಕು. ವಿಳಾಸದ ಕಾರಣಕ್ಕೆ ಯಾವ ಅರ್ಜಿಯೂ ಪಕ್ಕಕ್ಕೆ ಹೋಗದಂತೆ ನಿರ್ದೇಶಕರಿಂದ ಭರವಸೆ ಪಡೆಯಬೇಕು.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ, ಸರ್ಕಾರದ ಹೊಸ ಆದೇಶವೂ ಬೇಡ. ನಮ್ಮ ಹಿರಿಯರು ಇದಕ್ಕಿಂತ ಕಷ್ಟದ ಕಾಲದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಮಾಡಿದರು. ಉಡುಪಿಯ ಹಿಂದೂಗಳು ಹಾಜಿ ಅಬ್ದುಲ್ಲಾ ಸಾಹೇಬರ ನಿಧಿಯಲ್ಲಿ ಹಣ ಇಟ್ಟಾಗ ಅವರ ಹೆಸರು ನೋಡಿ ಹಿಂಜರಿಯಲಿಲ್ಲ. ಆ ನಂಬಿಕೆಯಿಂದ ನಾಡಿಗೆ ಒಂದು ಬ್ಯಾಂಕು ದೊರೆಯಿತು, ಸಾವಿರಾರು ಕನ್ನಡದ ಮನೆಗಳಿಗೆ ಉದ್ಯೋಗ ದೊರೆಯಿತು, ಇಲ್ಲಿ ಕುಳಿತಿರುವ ಕೆಲವರ ಪಿಂಚಣಿಯೂ ಅದರಿಂದಲೇ ಬರುತ್ತಿದೆ. ಅದರ ಋಣ ನಮ್ಮ ಮೇಲಿದೆ. ಆ ಋಣವನ್ನು ಘಾಟ್ಕೋಪರಿನ ಮುಸ್ಲಿಂ ಯುವ ಉದ್ಯಮಿಗಳಿಗೆ ಲೆಕ್ಕದ ವಿದ್ಯೆ ಕಲಿಸುವ ಮೂಲಕ ತೀರಿಸಬಹುದು. ಮೊದಲ ಕೂಟದ ದಿನಾಂಕವನ್ನು ಇಂದಿನ ಸಭೆ ಮುಗಿಯುವ ಮುನ್ನವೇ ಅಧ್ಯಕ್ಷರು ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.